ಪಿಯಾಝೊಲ್ಲಾಗೆ ಕುಣಿಯದ ಊರು

ಟ್ಯಾಂಗೊ ಸಂಗೀತವನ್ನು ಹೊಸದು ಮಾಡಿದವನು ಆಸ್ಟರ್ ಪಿಯಾಝೊಲ್ಲಾ. ಅವನ ಹುಚ್ಚಿನಿಂದಲೇ ನಾನು ಅರ್ಜೆಂಟೀನಾಕ್ಕೆ ಹೊರಟಿದ್ದು. ಆದರೆ ಬ್ಯೂನಸ್ ಐರಿಸ್‌ನಲ್ಲಿ ಜನ ಟ್ಯಾಂಗೊ ಕುಣಿಯುವ ಕಡೆ ಅವನ ಸಂಗೀತ ಕೇಳಿಸುವುದೇ ಅಪರೂಪ!

ಮೊದಲು ಅವನು ಹುಟ್ಟಿದ ಮಾರ್ ದೆಲ್ ಪ್ಲಾತಾಕ್ಕೆ ಹೋದೆ. ರಾಜಧಾನಿಯಿಂದ ಸುಮಾರು 400 ಕಿ.ಮೀ. ದೂರದ ಕಡಲ ಊರು. ಅಲ್ಲಿನ ವಿಮಾನ ನಿಲ್ದಾಣಕ್ಕೆ ಅವನದೇ ಹೆಸರು. ಬಂದರಿನಲ್ಲಿ ಕಡಲ ಸಿಂಹಗಳು ಬಿದ್ದುಕೊಂಡಿರುತ್ತವೆ, ಮೂಗು ಮುಚ್ಚಿಕೊಂಡು ನೋಡಬೇಕು. 1921ರಲ್ಲಿ ಹುಟ್ಟಿದ ಪಿಯಾಝೊಲ್ಲಾ ನಾಲ್ಕು ವರ್ಷಕ್ಕೇ ಅಪ್ಪ ಅಮ್ಮನ ಜೊತೆ ನ್ಯೂಯಾರ್ಕ್ ಸೇರಿದ. ಅಪ್ಪ ಕ್ಷೌರಿಕ. ಗಿರವಿ ಅಂಗಡಿಯಲ್ಲಿ ಕಂಡ ಬ್ಯಾಂಡೋನಿಯನ್ ಒಂದನ್ನು ಮಗನಿಗೆ ತಂದುಕೊಟ್ಟ. ನಮ್ಮ ಹಾರ್ಮೋನಿಯಂ ತರಹವೇ ತಿದಿ, ರೀಡು ಇರುವ ಜರ್ಮನಿ ಮೂಲದ ವಾದ್ಯ. ಆದರೆ ಒಂದೇ ಗುಂಡಿಗೆ ತಿದಿ ಎಳೆದಾಗ ಒಂದು ಸ್ವರ, ತಿದಿ ಒತ್ತಿದಾಗ ಸಾಮಾನ್ಯವಾಗಿ ಇನ್ನೊಂದು. ಕಲಿಯುವವರ ಪಾಡು ದೇವರಿಗೇ ಪ್ರೀತಿ.

ಬ್ಯೂನಸ್ ಐರಿಸ್‌ನಲ್ಲಿ ಹೋಟೆಲಿನವರು ಹಿಡಿದ ಪಟ್ಟು ಬಿಡದೆ ಊಟ ಸಮೇತ ಟ್ಯಾಂಗೊ ಶೋಗೆ ಕಳಿಸಿದರು. ಬಾಯಲ್ಲಿ ಗುಲಾಬಿ, ಸುಮ್ನೆ ಗಿರಗಿರ ತಿರುಗಾಟ. ಮಾಂಸ ತಿನ್ನುವುದಿಲ್ಲ ಎಂದು ಮೊದಲೇ ಹೇಳಿದ್ದೆ. ತಟ್ಟೆಯಲ್ಲಿ ಬಂದಿದ್ದು ನಾಲ್ಕು ಸೊಪ್ಪಿನ ಎಲೆ, ಒಣ ಬ್ರೆಡ್ಡು. ಆ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಹೋಗುವವರು ಆ ದುಡ್ಡು ಉಳಿಸಿ, ಯಾವುದಾದರೂ ಬಡಾವಣೆಯ ಮಿಲೋಂಗಾಕ್ಕೆ ಹೋಗಿ. ಊರಿನವರೇ ಬಂದು ಕುಣಿಯುವ ಹಾಲ್ ಅದು. ಶುರುವಾಗೋದು ತಡ, ಮಧ್ಯಾಹ್ನವೇ ನಿದ್ದೆ ಮುಗಿಸಿಕೊಳ್ಳಿ.

ನಾನು ಹೋದ ಕಡೆ ಟ್ಯೂಬ್‌ಲೈಟು, ಪ್ಲಾಸ್ಟಿಕ್ ಮೇಜುಬಟ್ಟೆ. ಗಂಡಸು ದೂರದಿಂದಲೇ ಕಣ್ಣಲ್ಲಿ ಕರೆಯುತ್ತಾನೆ, ಹೆಂಗಸು ತಲೆಯಾಡಿಸಿದರೆ ಸರಿ. ಇಲ್ಲದಿದ್ದರೆ ಯಾರಿಗೂ ಮುಜುಗರವಿಲ್ಲ. ಎಂಥ ಒಳ್ಳೆ ಪದ್ಧತಿ, ಅಲ್ವಾ? ನನ್ನ ಮೇಜಿಗೆ ಬಂದು ಕೂತ ಅಜ್ಜನಿಗೆ ಇಂಗ್ಲಿಷ್ ಬರುತ್ತಿತ್ತು.

"ಪಿಯಾಝೊಲ್ಲಾ ಯಾವಾಗ ಹಾಕ್ತಾರೆ?" ಎಂದೆ.

ಅಜ್ಜ ನಕ್ಕರು. "ಇಲ್ಲಿ ಹಾಕಿದರೆ ಎಲ್ಲರೂ ಹೋಗಿ ಕೂತ್ಕೋತಾರೆ. ಅವನ ತಾಳದಲ್ಲಿ ಕಾಲು ಎಲ್ಲಿಡೋದು?"

ಪಿಯಾಝೊಲ್ಲಾ ಎಂಟು ಮಾತ್ರೆಯನ್ನು 3-3-2 ಎಂದು ಒಡೆಯುತ್ತಾನೆ. 4-2-2ರ ಆದಿತಾಳ ಹಾಕಿ ಬೆಳೆದ ನನಗೆ ಅದೇ ರುಚಿ. ಕುಣಿಯುವವರಿಗೆ ಬೇಕಿರುವುದು ಹ್ವಾನ್ ದಾರಿಯೆನ್ಸೊ ವಾದ್ಯಮೇಳದ ಹಾಗೆ ನೇರ ಬಡಿತ.

"ನಮ್ಮಪ್ಪ ಅವನನ್ನ ಬೈತಿದ್ದರು. ಟ್ಯಾಂಗೊ ಕೊಂದವನು ಅಂತ," ಅಜ್ಜ ಹೇಳಿದರು. "ರೇಡಿಯೋದಲ್ಲಿ ಬಂದರೆ ಆಫ್ ಮಾಡೋರು. ಟ್ಯಾಂಗೊದಲ್ಲಿ ಎಲೆಕ್ಟ್ರಿಕ್ ಗಿಟಾರ್ ಯಾಕೆ ಅಂತ ಸಿಟ್ಟು."

ಆ ಗಿಟಾರ್ ಬಂದಿದ್ದು ಪಿಯಾಝೊಲ್ಲಾನ 1955ರ ಎಂಟು ಜನರ ತಂಡದಲ್ಲಿ. ಅದರ ಹಿಂದಿನ ವರ್ಷ ಅವನು ಪ್ಯಾರಿಸ್‌ಗೆ ಹೋಗಿದ್ದು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಬರೆಯೋಣ ಎಂದು. ಟ್ಯಾಂಗೊದವನು ಎಂದು ಹೇಳಿಕೊಳ್ಳಲೂ ಆಗ ನಾಚಿಕೆ. ಗುರು ನಾಡಿಯಾ ಬುಲಾಂಜೆ ಅವನ ದೊಡ್ಡ ದೊಡ್ಡ ಕೃತಿಗಳನ್ನೆಲ್ಲ ನೋಡಿ, ಇದರಲ್ಲಿ ನೀನು ಕಾಣುವುದಿಲ್ಲ ಎಂದರಂತೆ. ಕೊನೆಗೆ ಅವನದೇ ಒಂದು ಟ್ಯಾಂಗೊವನ್ನು ಪಿಯಾನೊದಲ್ಲಿ ನುಡಿಸಿದಾಗ, ಇದನ್ನು ಬಿಡಬೇಡ ಎಂದರು. ಆ ಗುರುವಿನ ಕಿವಿಗೆ ಶರಣು.

ಇಷ್ಟನ್ನೂ ಅಜ್ಜನಿಗೆ ಹೇಳಿದೆ. ಅವರಿಗೆ ಎಲ್ಲ ಗೊತ್ತಿತ್ತು. "ಪ್ಯಾರಿಸ್ ಕತೆ ಬಿಡಿ. 'ಆದಿಯೋಸ್ ನೊನಿನೊ' ಕೇಳಿದ್ದೀರಾ?" ಎಂದರು.

1959ರಲ್ಲಿ ಅಪ್ಪ ತೀರಿಕೊಂಡಾಗ ಪಿಯಾಝೊಲ್ಲಾ ಪರದೇಶದಲ್ಲಿದ್ದ. ನೊನಿನೊ ಎಂದರೆ ಆ ಅಪ್ಪನೇ, ಗಿರವಿ ಅಂಗಡಿಯಿಂದ ವಾದ್ಯ ತಂದವನು. ಅವನ ನೆನಪಿಗೆ ಬರೆದದ್ದು ಅದು. ಪಿಯಾಝೊಲ್ಲಾನದೇ ಆದ, ಎಲ್ಲ ಕಡೆ ಬಾರಿಸಿ ಬಾರಿಸಿ ಸವೆದುಹೋದ 'ಲಿಬರ್‌ಟ್ಯಾಂಗೊ'ಗಿಂತ ನನಗೆ ಇದೇ ಜಾಸ್ತಿ ಇಷ್ಟ.

"ನೀವು ಕೇಳ್ತೀರಾ?"

"ಕೇಳ್ತೀನಿ. ಮನೇಲಿ, ಕೂತ್ಕೊಂಡು. ಅದಕ್ಕೆ ಕುಣೀತೀನಿ ಅಂತ ಮಾತ್ರ ಕಾಯಬೇಡಿ."

ಅಷ್ಟರಲ್ಲಿ ದಾರಿಯೆನ್ಸೊ ಶುರುವಾಯಿತು. ಅಜ್ಜ ಎದುರು ಮೇಜಿನ ಹೆಂಗಸಿನ ಕಡೆ ಹುಬ್ಬು ಹಾರಿಸಿದರು. ಆಕೆ ತಲೆಯಾಡಿಸಿದ್ದೇ ತಡ, ನನ್ನ ಮುಂದಿನ ಪ್ರಶ್ನೆಗೂ ಕಾಯದೆ ಎದ್ದು ಹೋದರು.