ದೂರದ ಮನೆಯಲ್ಲಿ ಉಳಿಯುವ ದುಡ್ಡು ಗಂಟೆಗೆಷ್ಟು?

ಕೈಗೆ ಬರುವ ತಿಂಗಳ ಸಂಬಳವನ್ನು 100 ಎಂದಿಟ್ಟುಕೊಳ್ಳಿ. ಮಹಾನಗರದಲ್ಲಿ ಎರಡು ಮನೆ ನೋಡಿದ್ದೀರಿ. ಕಚೇರಿಗೆ ಹತ್ತಿರದ್ದಕ್ಕೆ ಬಾಡಿಗೆ 38, ಓಡಾಟದ ಖರ್ಚು 4. ಊರಂಚಿನದಕ್ಕೆ ಬಾಡಿಗೆ 24, ಓಡಾಟಕ್ಕೆ 9. ಒಟ್ಟು 42 ಒಂದು ಕಡೆ, 33 ಇನ್ನೊಂದು ಕಡೆ. ತಿಂಗಳಿಗೆ 9 ಉಳಿಯುತ್ತದೆ ಎಂದು ದೂರದ ಮನೆಗೆ ಅಡ್ವಾನ್ಸ್ ಕೊಟ್ಟುಬಿಡುವವರೇ ಹೆಚ್ಚು.

ಈಗ ಗಡಿಯಾರ ನೋಡೋಣ. ಹತ್ತಿರದ ಮನೆಯಿಂದ ಹೋಗಿಬರಲು ದಿನಕ್ಕೆ 40 ನಿಮಿಷ, ದೂರದ್ದರಿಂದ 150. ದಿನಕ್ಕೆ 110 ನಿಮಿಷ ಹೆಚ್ಚು. 22 ಕೆಲಸದ ದಿನಗಳಿಗೆ ಸುಮಾರು 40 ಗಂಟೆ. ಉಳಿದ 9ನ್ನು 40ರಿಂದ ಭಾಗಿಸಿದರೆ ಗಂಟೆಗೆ 0.22. ದಿನಕ್ಕೆ 8 ಗಂಟೆ ದುಡಿದು ನೀವು ಗಳಿಸುವುದು ಗಂಟೆಗೆ 0.57. ಅಂದರೆ ದೂರದ ಮನೆ ಹಿಡಿದು ತಿಂಗಳಿಗೆ ಇನ್ನೊಂದು ವಾರದಷ್ಟು ದುಡಿಯುತ್ತೀರಿ, ಅದೂ ನಿಮ್ಮ ಮಾಮೂಲಿ ಗಳಿಕೆಯ ಶೇ. 40ಕ್ಕಿಂತ ಕಡಿಮೆ ಕೂಲಿಗೆ. ಅಮೆರಿಕದ ಸಾರಿಗೆ ಇಲಾಖೆ ತನ್ನ ಯೋಜನೆಗಳಲ್ಲಿ ಜನರ ಊರೊಳಗಿನ ಸ್ವಂತ ಓಡಾಟದ ಒಂದು ಗಂಟೆಗೆ ಕಟ್ಟುವ ಬೆಲೆ ಗಂಟೆಯ ಆದಾಯದ ಅರ್ಧ. ಆ ಅರ್ಧವನ್ನೇ ಗೆರೆ ಮಾಡಿಕೊಳ್ಳಬಹುದು: ಉಳಿತಾಯ ಅದಕ್ಕಿಂತ ಕೆಳಗಿದ್ದರೆ ಹತ್ತಿರದ ಮನೆ, ಮೇಲಿದ್ದರೆ ದೂರದ್ದು.

ಇದೇ ಎರಡು ಮನೆ ಇಟ್ಟುಕೊಂಡು, ವಾರಕ್ಕೆ ಎರಡು ದಿನ ಮನೆಯಿಂದಲೇ ಕೆಲಸ ಎಂದು ಲೆಕ್ಕ ಹಾಕಿ ನೋಡಿ. ಕಚೇರಿಯ ದಿನಗಳು 13ಕ್ಕೆ ಇಳಿದವು, ಹೆಚ್ಚುವರಿ ಪ್ರಯಾಣ 24 ಗಂಟೆಗೆ. ಓಡಾಟದ ಖರ್ಚೂ ಇಳಿಯುವುದರಿಂದ ಉಳಿತಾಯ 11ಕ್ಕೆ ಏರಿತು. ಗಂಟೆಗೆ 0.46, ಗಳಿಕೆಯ ಶೇ. 80ರಷ್ಟು. ದೂರದ ಮನೆಯೇ ಗೆದ್ದಿತು! (ತಿಂಗಳ ಪಾಸ್ ಮಾಡಿಸಿದ್ದರೆ ಖರ್ಚು ಇಷ್ಟು ಇಳಿಯದು.) ಹಾಗಾಗಿ ಮನೆ ಹುಡುಕುವ ಮೊದಲು ವಾರಕ್ಕೆ ಎಷ್ಟು ದಿನ ಕಚೇರಿಗೆ ಬರಬೇಕು ಎಂಬುದನ್ನು ಬರಹದಲ್ಲಿ ಪಡೆಯಿರಿ. ಬಾಯಿಮಾತಿನ ವಿನಾಯಿತಿ ನಂಬಿ ಊರಂಚಿಗೆ ಹೋದವರಿಗೆ ನಿಯಮ ಬದಲಾದ ದಿನ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಬಾಡಿಗೆ ಆದಾಯದ ಶೇ. 30 ದಾಟಬಾರದು ಎಂಬ ಮಾತು ಎಲ್ಲೆಲ್ಲೂ ಕೇಳಿಬರುತ್ತದೆ. ಇದರ ಮೂಲ ಅಮೆರಿಕದ ಸರ್ಕಾರಿ ವಸತಿ. ಅಲ್ಲಿನ ಬಾಡಿಗೆದಾರರಿಂದ ಆದಾಯದ ಶೇ. 25ಕ್ಕಿಂತ ಹೆಚ್ಚು ವಸೂಲಿ ಮಾಡಬಾರದೆಂದು 1969ರಲ್ಲಿ ಕಾನೂನು ಬಂತು. 1981ರಲ್ಲಿ ಅದು 30 ಆಯಿತು. ಬಡವರಿಂದ ಎಷ್ಟು ಕೀಳಬಹುದು ಎಂಬುದಕ್ಕೆ ಹಾಕಿದ ಮಿತಿ ಅದು. ಅದು ಸಂಬಳದಾರರಿಗೆಲ್ಲ ಬುದ್ಧಿಮಾತಾಗಿ ಹೇಗೆ ತಿರುಗಿತೋ! ಚಿಕಾಗೊದ ಸೆಂಟರ್ ಫಾರ್ ನೇಬರ್‌ಹುಡ್ ಟೆಕ್ನಾಲಜಿ ಎಂಬ ಸಂಸ್ಥೆ ಮನೆ ಮತ್ತು ಓಡಾಟ ಎರಡೂ ಸೇರಿ ಶೇ. 45ರೊಳಗೆ ಇರಲಿ ಎನ್ನುತ್ತದೆ. ಇದು ಎಷ್ಟೋ ವಾಸಿ. ಆದರೂ ಮೇಲಿನ 42 ಮತ್ತು 33 ಎರಡೂ ಅದರಲ್ಲಿ ಪಾಸಾಗುತ್ತವೆ, ಗಂಟೆಯ ಲೆಕ್ಕ ಹಾಕದೆ ಆಯ್ಕೆ ಸಾಧ್ಯವಿಲ್ಲ.

ಪ್ರಯಾಣದ ಸಮಯವನ್ನು ಜಾಹೀರಾತಿನಿಂದ ತೆಗೆದುಕೊಳ್ಳಬೇಡಿ. 'ನಿಲ್ದಾಣಕ್ಕೆ ಐದೇ ನಿಮಿಷ' ಎಂದರೆ ಯಾವ ವಾಹನದಲ್ಲಿ, ಎಷ್ಟು ಹೊತ್ತಿಗೆ ಎಂದು ಕೇಳಬೇಕು. ಸಾಧಾರಣ ನಡಿಗೆಗೆ 800 ಮೀಟರ್ ಎಂದರೆ 10 ನಿಮಿಷ. 20 ನಿಮಿಷಕ್ಕೊಂದು ಬಸ್ ಇದ್ದರೆ ಸರಾಸರಿ ಕಾಯುವುದು 10 ನಿಮಿಷ, ಬಸ್ಸುಗಳು ಗುಂಪುಗುಂಪಾಗಿ ಬರುವ ಮಾರ್ಗವಾದರೆ ಇನ್ನೂ ಹೆಚ್ಚು. ಲಿಫ್ಟ್‌ಗೆ ಕಾಯುವುದು, ಪಾರ್ಕಿಂಗ್ ಹುಡುಕುವುದು, ಕಚೇರಿಯ ಗೇಟಿನಿಂದ ಕುರ್ಚಿಯವರೆಗೆ ನಡೆಯುವುದು, ಎಲ್ಲ ಸೇರಿಸಿ. ಹತ್ತು ದಿನಗಳಲ್ಲಿ ಅತಿ ಕೆಟ್ಟ ಒಂದು ದಿನ ಎಷ್ಟು ಹೊತ್ತಾಗುತ್ತದೋ, ಮನೆ ಬಿಡುವ ಸಮಯವನ್ನು ನಿರ್ಧರಿಸುವುದು ಅದೇ. ಸರಾಸರಿ ಲೆಕ್ಕಕ್ಕೆ ಬರುವುದಿಲ್ಲ. ಒಂದೊಂದು ವಾಹನವೂ ಹತ್ತರಲ್ಲಿ ಒಂಬತ್ತು ಸಲ ಸಮಯಕ್ಕೆ ಬರುತ್ತದೆ ಎಂದಿಟ್ಟುಕೊಂಡರೂ, ಎರಡು ವಾಹನ ಹತ್ತುವ ದಾರಿ ನೂರರಲ್ಲಿ 81 ಸಲ ಮಾತ್ರ ಕೈಹಿಡಿಯುತ್ತದೆ. 15 ನಿಮಿಷ ಉಳಿಸುವ ಎರಡು ವಾಹನದ ದಾರಿಗಿಂತ ನೇರ ದಾರಿಯೇ ನನ್ನ ಮಟ್ಟಿಗೆ ಮೇಲು. ಇನ್ನು, ಕೂತು ಓದಬಹುದಾದ ರೈಲಿನ ಗಂಟೆಯನ್ನು ಅರ್ಧ ಗಂಟೆ ಎಂದು ಎಣಿಸಿದರೂ ನಡೆದೀತು. ಸ್ಟೀರಿಂಗ್ ಹಿಡಿದ ಗಂಟೆಗೆ ಆ ರಿಯಾಯಿತಿ ಇಲ್ಲ.

ಮನುಷ್ಯರು ಎಲ್ಲೇ ಇದ್ದರೂ ದಿನಕ್ಕೆ ಸುಮಾರು ಒಂದು ಗಂಟೆಯನ್ನು ಓಡಾಟಕ್ಕೆ ಕೊಡುತ್ತಾರೆ ಎಂದು ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟಿ 1994ರಲ್ಲಿ ಬರೆದರು. 150 ನಿಮಿಷ ಅದರ ಎರಡೂವರೆ ಪಟ್ಟು. ಅಂಥ ಮನೆಯನ್ನು ವರ್ಷದೊಳಗೆ ಖಾಲಿ ಮಾಡಬೇಕೆನಿಸಬಹುದು. ಹಾಗೆ ಖಾಲಿ ಮಾಡುವುದೇ ದೊಡ್ಡ ನಷ್ಟ. ಬ್ರೋಕರ್ ಕಮಿಷನ್, ಸಾಮಾನು ಸಾಗಣೆ, ಕೊನೆಯಲ್ಲಿ ಬಣ್ಣದ ಹೆಸರಲ್ಲಿ ಕಳೆಯುವ ಹಣ ಸೇರಿ ಒಂದು ಸಲಕ್ಕೆ 90 ಆಯಿತು ಎನ್ನಿ. 36 ತಿಂಗಳು ಇದ್ದರೆ ತಿಂಗಳಿಗೆ 2.5, ಹನ್ನೆರಡೇ ತಿಂಗಳಿಗೆ ಬಿಟ್ಟರೆ 7.5. ದೂರದ ಮನೆಯಲ್ಲಿ ಉಳಿಯುವ 9ರ ಬಹುಪಾಲನ್ನು ಇದೊಂದೇ ನುಂಗುತ್ತದೆ. ವಾಪಸ್ ಬರುವ ಅಡ್ವಾನ್ಸಿಗೂ ಬೆಲೆ ಇದೆ: ಆರು ತಿಂಗಳ ಬಾಡಿಗೆಯಷ್ಟು ಕೊಟ್ಟು, ಆ ಹಣಕ್ಕೆ ವರ್ಷಕ್ಕೆ ಶೇ. 6 ಬಡ್ಡಿ ಬರುತ್ತಿತ್ತು ಎಂದಾದರೆ ಬಾಡಿಗೆ ಶೇ. 3 ಹೆಚ್ಚೇ ಎಂದುಕೊಳ್ಳಿ.

ಕರಾರಿನಲ್ಲಿ ವರ್ಷಕ್ಕೆಷ್ಟು ಏರಿಕೆ ಎಂಬುದನ್ನು ಮೊದಲು ಓದಿ. ಶೇ. 10 ಎಂದಿದ್ದರೆ ನಾಲ್ಕನೇ ವರ್ಷ ಬಾಡಿಗೆ ಶೇ. 33 ಹೆಚ್ಚಿರುತ್ತದೆ, ಶೇ. 5 ಆದರೆ 16. ಮಾಲೀಕರೊಡನೆ ಚೌಕಾಸಿ ಮಾಡುವುದಾದರೆ ಈ ಸಂಖ್ಯೆಯ ಮೇಲೆ ಮಾಡಿ. ಮೊದಲ ತಿಂಗಳ ಬಾಡಿಗೆಯಲ್ಲಿ ಅಷ್ಟಿಷ್ಟು ಇಳಿಸಿಕೊಳ್ಳುವುದಕ್ಕಿಂತ ಇದರಲ್ಲಿ ಗಿಟ್ಟುವುದು ಹೆಚ್ಚು.

ಮನೆಯನ್ನು ಮೂರು ಹೊತ್ತಿನಲ್ಲಿ ನೋಡಬೇಕು: ಕೆಲಸದ ದಿನ ಬೆಳಿಗ್ಗೆ, ರಾತ್ರಿ ಹತ್ತರ ನಂತರ, ಜೋರು ಮಳೆ ನಿಂತ ಮೇಲೆ. ಭಾನುವಾರ ಮಧ್ಯಾಹ್ನ ಯಾವ ಬೀದಿಯಾದರೂ ಚೆನ್ನಾಗಿಯೇ ಕಾಣುತ್ತದೆ. ಹತ್ತು ಲೀಟರ್ ಬಕೆಟ್ ತುಂಬಲು ಎಷ್ಟು ಹೊತ್ತು ಬೇಕೆಂದು ಅಳೆಯಿರಿ. ಎರಡು ನಿಮಿಷ ದಾಟಿದರೆ ಬೆಳಗಿನ ಗಡಿಬಿಡಿಯಲ್ಲಿ ಕಷ್ಟ. ಟ್ಯಾಂಕಿನ ನೀರು ಹತ್ತು ಮೀಟರ್ ಎತ್ತರದಲ್ಲಿದ್ದರೆ ಸಿಗುವ ಒತ್ತಡ ಸುಮಾರು ಒಂದು ಬಾರ್, ಹಾಗಾಗಿ ತಾರಸಿಯ ಟ್ಯಾಂಕಿಗೆ ಮೂರೇ ಮೀಟರ್ ಕೆಳಗಿರುವ ಮೇಲಿನ ಮಹಡಿಯ ಶವರ್ ತೊಟ್ಟಿಕ್ಕುವುದು ಸಹಜ. ಅದೇ ಮಹಡಿಯಲ್ಲಿ ತಾರಸಿ ಹಗಲೆಲ್ಲ ಕಾದು ರಾತ್ರಿ ಶಾಖ ಬಿಡುತ್ತದೆ, ಪಶ್ಚಿಮದ ಗೋಡೆಯೂ ಹಾಗೆಯೇ. ಸಂಜೆ ಹೋದಾಗ ಗೋಡೆಗೆ ಅಂಗೈ ಒತ್ತಿ ನೋಡಿದರೆ ಸಾಕು. ರಸ್ತೆಯ ಸದ್ದು ರಾತ್ರಿ 45 ಡೆಸಿಬೆಲ್ ಒಳಗಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿಗೆ ಹೇಳಿತು. ಮೊಬೈಲ್ ಆ್ಯಪ್ ನಿಖರವಲ್ಲ, ಆದರೆ ಒಂದೇ ಮೊಬೈಲಿನಿಂದ ಎರಡೂ ಮನೆ ಅಳೆದು ಹೋಲಿಸಬಹುದು. 10 ಡೆಸಿಬೆಲ್ ಹೆಚ್ಚಾದರೆ ಕಿವಿಗೆ ಸದ್ದು ಸುಮಾರು ಇಮ್ಮಡಿ.

ಇಬ್ಬರು ದುಡಿಯುವ ಮನೆಯವರು ಎರಡು ಕಚೇರಿಗಳ ನಟ್ಟನಡುವೆ ಮನೆ ಹುಡುಕಿ ಇಬ್ಬರೂ ದಿನವೂ ಟ್ರಾಫಿಕ್‌ನಲ್ಲಿ ಸಿಕ್ಕಿಬೀಳುವುದುಂಟು. ಪ್ರತಿದಿನ ಹೋಗಲೇಬೇಕಾದವರ ಕಚೇರಿಯ ಹತ್ತಿರ ಮನೆ ಮಾಡುವುದು ಲೇಸು. ಒಬ್ಬರೇ ಇದ್ದು, ಎರಡು ಮೂರು ವರ್ಷಕ್ಕೆ ಕೆಲಸ ಬದಲಿಸುವ ಕ್ಷೇತ್ರವಾದರೆ, ಈಗಿನ ಕಚೇರಿಯ ಪಕ್ಕಕ್ಕಿಂತ ಹಲವು ರೈಲು ಮಾರ್ಗಗಳು ಕೂಡುವ ನಿಲ್ದಾಣದ ಪಕ್ಕ ನೋಡಿ. ಮುಂದಿನ ಕೆಲಸಕ್ಕೂ ಅದೇ ಮನೆ ಆಗುತ್ತದೆ.

ಮಹಾನಗರಕ್ಕೆ ಬಂದ ವರ್ಷವೇ ಸಾಲ ಮಾಡಿ ಮನೆ ಕೊಳ್ಳುವುದು ಬೇಡ. ಶೇ. 9ರ ಬಡ್ಡಿಗೆ 20 ವರ್ಷದ ಸಾಲವಾದರೆ ಮೊದಲ ಕಂತಿನ ಶೇ. 83 ಬಡ್ಡಿಗೇ ಹೋಗುತ್ತದೆ. ಬಡಾವಣೆ ಹಿಡಿಸಲಿಲ್ಲವೆಂದು ಎರಡನೇ ವರ್ಷ ಮಾರಲು ಹೊರಟರೆ ಅಸಲು ಹೆಚ್ಚು ಕರಗಿರುವುದಿಲ್ಲ. ಮೊದಲ ಒಂದೆರಡು ತಿಂಗಳು ಸಾಮಾನು ಊರಲ್ಲೇ ಬಿಟ್ಟು ಪೀಠೋಪಕರಣ ಇರುವ ಕೋಣೆ ಹಿಡಿಯಿರಿ, ತಿಂಗಳ ಬಾಡಿಗೆ ದುಬಾರಿಯಾದರೂ ಸರಿ. ಆ ಅವಧಿಯಲ್ಲಿ, ನೋಡಿಟ್ಟ ಎರಡೂ ಬಡಾವಣೆಗಳಿಂದ ತಲಾ ಮೂರು ದಿನ ಬೆಳಗಿನ ಹೊತ್ತಿಗೇ ಕಚೇರಿಗೆ ಹೊರಟು, ಸಂಜೆ ಅಲ್ಲಿಗೇ ಮರಳಿ, ಎರಡೂ ಸಲ ಹೊರಟ ಮತ್ತು ತಲುಪಿದ ಸಮಯ ಬರೆದಿಡಿ. ಮೇಲಿನ ಲೆಕ್ಕದಲ್ಲಿ 40 ಮತ್ತು 150ರ ಜಾಗಕ್ಕೆ ಹಾಕಬೇಕಾದ ಸಂಖ್ಯೆಗಳು ಅವೇ.