ಸಂಪಿಗೆ ಮರ ಕಡಿಯೋಕೆ ಹೊರಟಿದ್ದೆ

ಹೋದ ವರ್ಷ ಮನೆ ಒಡೆದು ಹೊಸದಾಗಿ ಕಟ್ಟಿಸೋಣ ಅಂತ ತೀರ್ಮಾನ ಆಯಿತು. ಬನಶಂಕರಿ 2ನೇ ಹಂತದಲ್ಲಿ ನಮ್ಮದೊಂದು ಹಳೇ ಮನೆ, 30-40 ಸೈಟು, ಅಪ್ಪ ಸಾಲ ಮಾಡಿ ಕಟ್ಟಿಸಿದ್ದು. ಮುಂದೆ ಗೇಟಿನ ಪಕ್ಕ ಒಂದು ಸಂಪಿಗೆ ಮರ, ಹಿಂದೆ ಒಗೆಯುವ ಕಲ್ಲಿನ ಹತ್ತಿರ ಒಂದು ತೆಂಗು. ಎಂಜಿನಿಯರ್ ತಂದು ಹರಡಿದ ಪ್ಲಾನಿನಲ್ಲಿ ಎರಡೂ ಇರಲಿಲ್ಲ. ಸಂಪಿಗೆ ಇದ್ದ ಕಡೆ ಕಾರು ನಿಂತಿತ್ತು, ತೆಂಗು ಇದ್ದ ಕಡೆ ನೀರಿನ ಸಂಪು.

ಕಂಟ್ರ್ಯಾಕ್ಟರ್ ಅಂತೂ ಸಲೀಸಾಗಿ ಹೇಳಿದ. "ಭಾನುವಾರ ಬೆಳಗಿನ ಜಾವ ಐದಕ್ಕೆ ಹುಡುಗರನ್ನ ಕರ್ಕೊಂಡು ಬರ್ತೀನಿ ಸಾರ್, ಎಂಟಕ್ಕೆಲ್ಲ ಕ್ಲಿಯರ್. ನಿಮ್ಮ ಸೈಟು, ನಿಮ್ಮ ಮರ, ಯಾರು ಕೇಳ್ತಾರೆ?"

ಯಾರೂ ಕೇಳೋದಿಲ್ಲ ಅಂದ ಮೇಲೆ ಭಾನುವಾರ ಬೆಳಗಿನ ಜಾವ ಐದಕ್ಕೆ ಯಾಕೆ? ಸೋಮವಾರ ತಿಂಡಿ ತಿಂದು ಹತ್ತಕ್ಕೆ ಬರಬಹುದಲ್ವಾ? ಇದೊಂದು ತಲೆಯಲ್ಲಿ ಕೊರೆಯೋಕೆ ಶುರುವಾಯಿತು. ಒಂದು ವಾರ ತಡಿ ಅಂತ ಅವನಿಗೆ ಹೇಳಿ, ಕಾನೂನು ಏನು ಹೇಳುತ್ತೆ ನೋಡೋಣ ಅಂತ ಕೂತೆ.

ಕರ್ನಾಟಕದಲ್ಲಿ 1976ರಿಂದ ಮರ ಸಂರಕ್ಷಣಾ ಕಾಯ್ದೆ ಅಂತ ಒಂದಿದೆ. ನಾನು ಅದು ಕಾಡಿಗೆ, ಹೆಚ್ಚೆಂದರೆ ರಸ್ತೆ ಬದಿ ಸಾಲುಮರಕ್ಕೆ ಅಂದುಕೊಂಡಿದ್ದೆ. ಅಲ್ಲ. ನಮ್ಮ ಕಾಂಪೌಂಡ್ ಒಳಗೆ, ನಮ್ಮ ಖಾತೆಯ ಜಾಗದಲ್ಲಿ, ನಮ್ಮಪ್ಪನೇ ಗುಂಡಿ ತೋಡಿ ನೆಟ್ಟ ಮರಕ್ಕೂ ಅದು ಅನ್ವಯಿಸುತ್ತೆ. ಕಡಿಯೋ ಮೊದಲು ಮರ ಅಧಿಕಾರಿಯ ಅನುಮತಿ ಬೇಕು. ಟ್ರೀ ಆಫೀಸರ್ ಅಂದರೆ ಎಲ್ಲರಿಗೂ ಅರ್ಥ ಆಗುತ್ತೆ, ಇವರು ಅರಣ್ಯ ಇಲಾಖೆಯ ಅಧಿಕಾರಿ, ನಗರದೊಳಗೆ ಪಾಲಿಕೆಯ ಅರಣ್ಯ ವಿಭಾಗದಲ್ಲಿ ಸಿಗುತ್ತಾರೆ. ಅರ್ಜಿಯಲ್ಲಿ ಮರ ಯಾವುದು, ಎಲ್ಲಿದೆ, ಯಾಕೆ ತೆಗೆಯಬೇಕು ಅಂತ ಬರೆದು, ಜಾಗದ ದಾಖಲೆ, ಮರದ ಫೋಟೊ ಜೊತೆಗಿಟ್ಟು ಕೊಡಬೇಕು. ಅವರ ಕಡೆಯವರು ಬಂದು ಮರ ನೋಡುತ್ತಾರೆ. ಒಪ್ಪಿಗೆ ಕೊಟ್ಟರೂ ಬದಲಿಗೆ ಗಿಡ ನೆಡಿ ಅಂತ ಷರತ್ತು ಹಾಕಬಹುದು. ಕೇಳದೆ ಕಡಿದರೆ ದಂಡವೂ ಇದೆ, ಜೈಲಿಗೂ ದಾರಿ ಇದೆ. ಭಾನುವಾರದ ಗುಟ್ಟು ಅದು.

ಹಾಗಂತ ಕೇಳಿದವರಿಗೆಲ್ಲ ಇಲ್ಲ ಅನ್ನುತ್ತಾರೆ ಅಂತಲೂ ಅಲ್ಲ. ಮರ ಒಣಗಿದೆ, ರೋಗ ಬಂದಿದೆ, ಗಾಳಿಗೆ ಉರುಳಿದೆ, ಜನರಿಗೆ ಅಥವಾ ಮನೆಗೆ ಅಪಾಯ ಇದೆ, ಇಂಥದ್ದನ್ನೆಲ್ಲ ಕಾಯ್ದೆಯೇ ಸರಿಯಾದ ಕಾರಣ ಅಂತ ಒಪ್ಪುತ್ತೆ. ನಮ್ಮ ಸಂಪಿಗೆಗೆ ಇದ್ಯಾವುದೂ ಇರಲಿಲ್ಲ. ಗಟ್ಟಿಮುಟ್ಟಾಗಿತ್ತು, ಅದರ ತಪ್ಪು ಅಂದರೆ ನಮ್ಮ ಕಾರಿನ ಜಾಗದಲ್ಲಿ ನಿಂತಿದ್ದು.

ಇದನ್ನೆಲ್ಲ ಹುಡುಕುವಾಗ ಇನ್ನೂ ಒಂದಷ್ಟು ತಿಳಿಯಿತು. 50ಕ್ಕಿಂತ ಜಾಸ್ತಿ ಮರ ಕಡಿಯೋದಾದರೆ ಸಾರ್ವಜನಿಕರ ಆಕ್ಷೇಪಣೆ ಕೇಳಲೇಬೇಕು. ಶ್ರೀಗಂಧದ ಕಥೆಯೇ ಬೇರೆ. ಹಿಂದೆ ನಮ್ಮ ಹಿತ್ತಿಲಲ್ಲಿ ತಾನಾಗೇ ಹುಟ್ಟಿದರೂ ಅದು ಸರ್ಕಾರದ ಮರ, 2001ರಲ್ಲಿ ತಿದ್ದುಪಡಿ ಬಂದ ಮೇಲೆ ಜಾಗದ ಮಾಲೀಕರದ್ದೇ ಆಯಿತು, ಆದರೆ ಕಡಿಯೋಕೆ ಇವತ್ತಿಗೂ ಅರಣ್ಯ ಇಲಾಖೆಯನ್ನು ಕೇಳಬೇಕು. ಇನ್ನು ಗೇಟಿನ ಆಚೆ ಫುಟ್‌ಪಾತಿನಲ್ಲಿ ಇರುವ ಮರ ನಮ್ಮ ಮನೆಗೆ ಎಷ್ಟೇ ಒರಗಿಕೊಂಡಿದ್ದರೂ ನಮ್ಮದಲ್ಲ, ಕೊಂಬೆ ಅಡ್ಡ ಬಂದರೂ ಪಾಲಿಕೆಗೆ ಹೇಳಬೇಕೇ ಹೊರತು ನಾವೇ ಮಚ್ಚು ಹಿಡಿಯೋ ಹಾಗಿಲ್ಲ. ಬೆಂಗಳೂರಿನ ರಸ್ತೆಗಳಲ್ಲಿ 1980ರ ದಶಕದಲ್ಲಿ ಅರಣ್ಯಾಧಿಕಾರಿ ನೇಗಿನಹಾಳ ಅವರ ಕಾಲದಲ್ಲಿ ನೆಟ್ಟಿದ್ದು ಸುಮಾರು 15 ಲಕ್ಷ ಗಿಡ. ನಾನು ಸ್ಕೂಲಿಗೆ ನಡೆದು ಹೋಗಿದ್ದೆಲ್ಲ ಆ ನೆರಳಲ್ಲೇ ಇರಬೇಕು. ಆಗ ಅದು ಯಾರೋ ನೆಟ್ಟಿದ್ದು ಅಂತಲೇ ಹೊಳೆದಿರಲಿಲ್ಲ.

ಸರಿ, ಅರ್ಜಿ ಬರೆಯೋಕೆ ಕೂತೆ. ಕಾರಣ ಅನ್ನೋ ಕಡೆ ಬಂದಾಗ ಪೆನ್ನು ನಿಂತಿತು. "ಕಾರು ನಿಲ್ಲಿಸಲು" ಅಂತ ಬರೆದೆ. ಓದಿದೆ. ನನಗೇ ನಾಚಿಕೆ ಆಯಿತು. "ಬೇರು ಪಾಯಕ್ಕೆ ನುಗ್ಗಿದೆ ಅಂತ ಹಾಕಿ ಸಾರ್, ಎಲ್ಲರೂ ಅದನ್ನೇ ಹಾಕೋದು" ಅಂದ ಕಂಟ್ರ್ಯಾಕ್ಟರ್. ಬೇರು ಎಲ್ಲಿಗೂ ನುಗ್ಗಿರಲಿಲ್ಲ, ಬಂದು ನೋಡಿದವರಿಗೆ ಗೊತ್ತಾಗದೆ ಇರುತ್ತಾ?

ಅರ್ಜಿ ಅಲ್ಲೇ ಬಿಟ್ಟು ಎಂಜಿನಿಯರ್‌ಗೆ ಫೋನ್ ಮಾಡಿದೆ. ಒಪ್ಪಿಗೆ ಸಿಗದೆಯೂ ಇರಬಹುದು, ಸಿಕ್ಕರೂ ಎಷ್ಟು ದಿನ ಅಂತ ಗೊತ್ತಿಲ್ಲ, ಏನಾದರೂ ಮಾಡೋಕಾಗುತ್ತಾ ಅಂದೆ. ಆತ ಎರಡೇ ದಿನದಲ್ಲಿ ಬೇರೆ ಪ್ಲಾನ್ ತಂದ. ಮೆಟ್ಟಿಲನ್ನು ಎಡಕ್ಕೆ ಸರಿಸಿದ್ದ, ಗೇಟನ್ನು ನಾಲ್ಕು ಅಡಿ ಆಚೆ ಹಾಕಿದ್ದ, ಸಂಪಿಗೆ ನಿಂತಲ್ಲೇ ನಿಂತಿತ್ತು. ಇಷ್ಟು ಸುಲಭ ಇದ್ದರೆ ಮೊದಲೇ ಯಾಕೆ ಮಾಡಲಿಲ್ಲ ಅಂತ ಕೇಳಿದೆ. "ನೀವು ಕೇಳಲಿಲ್ಲ" ಅಂದ. ನಿಜವೇ. ಕಾರು ಈಗ ಸ್ವಲ್ಪ ಓರೆಯಾಗಿ ಒಳಗೆ ಬರಬೇಕು, ಎಡಗಡೆ ಕನ್ನಡಿ ಎರಡು ಸಲ ತಗುಲಿಸಿದೆ, ಮೂರನೇ ಸಲಕ್ಕೆ ಅಭ್ಯಾಸ ಆಯಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಒಳ್ಳೆಯವನಾಗಿಬಿಡುತ್ತಿದ್ದೆ. ಆದರೆ ತೆಂಗು ಇತ್ತಲ್ಲ.

ಕೆಲವು ಜಾತಿಯ ಮರಗಳಿಗೆ ಈ ಕಾಯ್ದೆಯಲ್ಲಿ ವಿನಾಯಿತಿ ಇದೆ. ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್, ರಬ್ಬರ್, ಹೀಗೆ. ಜನ ಬೆಳೆದು ಕಡಿದು ಮಾರುವ ಮರಗಳೇ ಹೆಚ್ಚು. ಆ ಪಟ್ಟಿಯಲ್ಲಿ ತೆಂಗೂ ಇದೆ. ಅದಕ್ಕೆ ಯಾರ ಒಪ್ಪಿಗೆಯೂ ಬೇಡ. ಇದು ಗೊತ್ತಾದಾಗ ನನಗೆ ಖುಷಿಯೇ ಆಗಿತ್ತು, ಸುಳ್ಳು ಯಾಕೆ ಹೇಳಲಿ. ಸಂಪಿಗೆ ಉಳಿಸಿದ್ದೀನಲ್ಲ ಅನ್ನೋ ಧೈರ್ಯ ಬೇರೆ. ಸೋಮವಾರವೇ, ಹತ್ತು ಗಂಟೆಗೇ, ತಿಂಡಿ ತಿಂದೇ ಬಂದರು. ಮೇಲಿಂದ ತುಂಡು ತುಂಡಾಗಿ ಇಳಿಸಿದರು. ಅಮ್ಮ ಒಳಗಿಂದ ಆಚೆ ಬರಲಿಲ್ಲ.

ಸಂಪಿಗೆಯನ್ನು ಅಮ್ಮ ಅಷ್ಟಾಗಿ ಹಚ್ಚಿಕೊಂಡೇ ಇರಲಿಲ್ಲ, ಕಸ ಜಾಸ್ತಿ ಅಂತ ಯಾವಾಗಲೂ ಬೈಯೋರು. ಮೂವತ್ತು ವರ್ಷ ನಮ್ಮ ಹುಳಿಗೆ, ಚಟ್ನಿಗೆ, ದೇವರ ಮುಂದೆ ಒಡೆಯೋಕೆ ಕಾಯಿ ಕೊಟ್ಟಿದ್ದು ತೆಂಗು. ಕಾನೂನು ನೋಡಿದೆ, ಪ್ಲಾನ್ ನೋಡಿದೆ, ಎಂಜಿನಿಯರನ್ನು ಕೇಳಿದೆ, ಮನೆಯಲ್ಲೇ ಇದ್ದ ಅವರನ್ನು ಮಾತ್ರ ಕೇಳಿರಲಿಲ್ಲ.

ಈಗ ಕಾಯಿ ಅಂಗಡಿಯಿಂದ ಬರುತ್ತೆ. ತಂದಾಗಲೆಲ್ಲ ಅಮ್ಮ ರೇಟು ಕೇಳುತ್ತಾರೆ, ನಾನು ಹೇಳುತ್ತೇನೆ, ಅವರು ಸುಮ್ನೆ ಹಿತ್ತಿಲ ಕಡೆ ನೋಡುತ್ತಾರೆ.