ನಿಮ್ಮೆದುರು ಕಂಬ ಇಲ್ಲವಲ್ಲ

ಶನಿವಾರದಿಂದ ಅಮ್ಮನ ಕುತ್ತಿಗೆ ನನ್ನ ಕಣ್ಣಮುಂದಿನಿಂದ ಹೋಗುತ್ತಿಲ್ಲ. ಎಡಕ್ಕೆ ಬಾಗುತ್ತದೆ, ಒಂದು ಗಳಿಗೆ ನಿಲ್ಲುತ್ತದೆ, ಮತ್ತೆ ಬಲಕ್ಕೆ ಬಾಗುತ್ತದೆ. ಅಮ್ಮನಿಗೂ ಮೈದಾನಕ್ಕೂ ನಡುವೆ ಒಂದು ಕಬ್ಬಿಣದ ಕಂಬ.

ಅಪ್ಪ ಅಮ್ಮ ಬಾಸ್ಟನ್‌ಗೆ ಬಂದು ಐದು ವಾರ ಆಯಿತು. ಅವರಿಗೆ ಇಲ್ಲಿನ ಬೇಸ್‌ಬಾಲ್ ಮೈದಾನ ಫೆನ್‌ವೇ ಪಾರ್ಕ್ ತೋರಿಸಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ಅಪ್ಪ 1974ರಲ್ಲಿ ಬೆಂಗಳೂರಿನ ಮೊದಲ ಟೆಸ್ಟ್ ಪಂದ್ಯವನ್ನು ಕಣ್ಣಾರೆ ನೋಡಿದವರು. ವೆಸ್ಟ್ ಇಂಡೀಸ್‌ನ ರಿಚರ್ಡ್ಸ್, ಗ್ರೀನಿಜ್ ಇಬ್ಬರಿಗೂ ಅದೇ ಮೊದಲ ಟೆಸ್ಟ್. ಕಟ್ಟಡ ಇನ್ನೂ ಪೂರ್ತಿ ಆಗಿರಲಿಲ್ಲವಂತೆ. ಅಂಥವರಿಗೆ ಬೇಸ್‌ಬಾಲ್ ಹಿಡಿಸದೇ ಇದ್ದರೂ ಮೈದಾನ ಹಿಡಿಸುತ್ತದೆ ಎಂದು ನನಗೆ ಗೊತ್ತಿತ್ತು. ಫೆನ್‌ವೇ ಶುರುವಾದದ್ದು 1912ರ ಏಪ್ರಿಲ್ 20ರಂದು. ಟೈಟಾನಿಕ್ ಮುಳುಗಿ ಆಗ ಐದೇ ದಿನ. ಅಮೆರಿಕದ ದೊಡ್ಡ ಲೀಗ್‌ನಲ್ಲಿ ಈಗಲೂ ಆಟ ನಡೆಯುವ ಮೈದಾನಗಳಲ್ಲಿ ಅದಕ್ಕಿಂತ ಹಳೆಯದು ಇನ್ನೊಂದಿಲ್ಲ.

ಟಿಕೆಟ್ ಕೊನೇ ಗಳಿಗೆಯಲ್ಲಿ ಸಿಕ್ಕಿತು. ಯಾರೋ ಫೋನಿನಲ್ಲಿ ಮಾರುತ್ತಿದ್ದರು, ತೆಗೆದುಕೊಂಡೆ. ‘ನೋಟಕ್ಕೆ ಅಡ್ಡಿ ಇರಬಹುದು’ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿ ಇತ್ತು. ಓದಿದ್ದೆ. ಬೆಲೆ ಕಡಿಮೆ ಇತ್ತು, ಮೂರು ಸೀಟು ಒಟ್ಟಿಗೇ ಇತ್ತು. ಸ್ವಲ್ಪ ಅಡ್ಡಿಯಾದರೆ ಏನಾಯಿತು ಅಂದುಕೊಂಡೆ.

ಕೆನ್‌ಮೋರ್ ಸ್ಟೇಷನ್ನಿನಲ್ಲಿ ಇಳಿದು ಜನರ ಜೊತೆ ನಡೆದೆವು. ಒಳಗೆ ದಾರಿ ಇಕ್ಕಟ್ಟು. ಜಾತ್ರೆಯಲ್ಲಿ ಹೋದ ಹಾಗೆ ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡೇ ಹೋಗಬೇಕು. ನಮ್ಮ ಸಾಲು ಬಲಗಡೆ ಛಾವಣಿಯ ಕೆಳಗೆ. ಅಪ್ಪ ಮೊದಲು ಹೋದರು, ನಾನು ಹಿಂದೆ, ಕೊನೆಯಲ್ಲಿ ಅಮ್ಮ. ಎಲ್ಲರನ್ನೂ ಕೂರಿಸಿ ಉಳಿದ ಜಾಗದಲ್ಲಿ ತಾನು ಕೂರುವುದು ಅವಳ ಯಾವತ್ತಿನ ರೂಢಿ. ಕಂಬ ಇದ್ದದ್ದು ಆ ಉಳಿದ ಜಾಗದ ಮುಂದೆ.

ಅಲ್ಲಿನ ನೀಲಿ ಮರದ ಕುರ್ಚಿಗಳು 1934ರ ಕಾಲದವು. ಅಗಲ ಹೆಚ್ಚುಕಮ್ಮಿ 15 ಇಂಚು. ಮೊಣಕಾಲು ಮುಂದಿನ ಸಾಲಿಗೆ ತಾಗುತ್ತದೆ. ಅಮ್ಮನಿಗೆ ಮೊದಲೇ ಮಂಡಿನೋವು. ಇನ್ನೊಂದು ತೊಂದರೆ ಏನೆಂದರೆ, ಆ ಕಡೆಯ ಕುರ್ಚಿಗಳು ಬ್ಯಾಟ್ ಬೀಸುವ ಜಾಗದ ಕಡೆ ಮುಖ ಮಾಡಿಲ್ಲ. ನೆಟ್ಟಗೆ ಕೂತರೆ ಕಾಣುವುದು ಎದುರಿನ 37 ಅಡಿ ಎತ್ತರದ ಹಸಿರು ಗೋಡೆ. ಆಟ ನಡೆಯುವುದು ಎಡಕ್ಕೆ. ಹಾಗಾಗಿ ಎಲ್ಲರೂ ಕುತ್ತಿಗೆ ತಿರುಗಿಸಿಯೇ ಕೂತಿರುತ್ತಾರೆ. ಅಮ್ಮ ತಿರುಗಿದರೆ ಸರಿಯಾಗಿ ಬ್ಯಾಟ್ ಹಿಡಿದವನ ಮೇಲೇ ಕಂಬ. ಎಡಕ್ಕೆ ಬಾಗಿದರೆ ಅವನು ಕಾಣುತ್ತಾನೆ, ಆಗ ಚೆಂಡು ಎಸೆಯುವವನು ಮಾಯ. ಓಡುವವರು ನಿಲ್ಲುವ ಬೇಸ್‌ಗಳು ಖಾಲಿ ಇದ್ದರೆ 15 ಸೆಕೆಂಡಿನೊಳಗೆ ಎಸೆಯಬೇಕು ಅಂತ 2023ರಿಂದ ಗಡಿಯಾರ ಇಟ್ಟಿದ್ದಾರೆ. ಅಂದರೆ ಅಮ್ಮನಿಗೆ ಒಂದು ಕಡೆ ನೆಮ್ಮದಿಯಾಗಿ ಕೂರಲೂ ಪುರುಸೊತ್ತಿಲ್ಲ. ಅವನ ಕೈ ನೋಡಬೇಕು, ತಕ್ಷಣ ಈಚೆ ಬಾಗಿ ಇವನ ಬ್ಯಾಟ್ ನೋಡಬೇಕು. ಅಷ್ಟರಲ್ಲಿ ಚೆಂಡು ಹೋಗಿರುತ್ತದೆ.

ಮುಂದಿನ ಸಾಲಿನಲ್ಲಿ ಒಬ್ಬ ಇದ್ದ. ಬಿಯರ್ ಲೋಟ ಹಿಡಿದುಕೊಂಡು ಪ್ರತಿ ಎಸೆತಕ್ಕೂ ಎದ್ದು ನಿಲ್ಲುತ್ತಿದ್ದ. ಎರಡು ಸಲ ಹೇಳಿದೆ, ನಕ್ಕು ಕೂತ, ಮತ್ತೆ ಎದ್ದ. ಹಿಂದೆ ವಯಸ್ಸಾದವರು ಇದ್ದಾರೆ ಅನ್ನುವ ಯೋಚನೆಯೇ ಇಲ್ಲದವರನ್ನು ನಾನು ಸುಲಭವಾಗಿ ಕ್ಷಮಿಸುವುದಿಲ್ಲ.

ಅಪ್ಪ ಮಾತ್ರ ಬೇರೆಯೇ ಲೋಕದಲ್ಲಿದ್ದರು. ಹಸಿರು ಗೋಡೆಯ ಬುಡದಲ್ಲಿ ಸ್ಕೋರ್‌ಬೋರ್ಡ್ ಇದೆ. ಅದರಲ್ಲಿ ಇವತ್ತಿಗೂ ಅಂಕೆಗಳ ಹಲಗೆಯನ್ನು ಕೈಯಿಂದಲೇ ಬದಲಿಸುತ್ತಾರೆ. ಗೋಡೆಯ ಒಳಗೇ ಆಳುಗಳು ಇರುತ್ತಾರೆ ಎಂದಾಗ ಅಪ್ಪನಿಗೆ ನಂಬಿಕೆಯೇ ಬರಲಿಲ್ಲ. ದೂರದ ಗ್ಯಾಲರಿಯಲ್ಲಿ ಸಾವಿರಾರು ಕುರ್ಚಿಗಳ ನಡುವೆ ಒಂದೇ ಒಂದು ಕೆಂಪು ಕುರ್ಚಿ ಇದೆ. 1946ರ ಜೂನ್ 9ರಂದು ಇಲ್ಲಿನ ತಂಡ ರೆಡ್ ಸಾಕ್ಸ್‌ನ ಆಟಗಾರ ಟೆಡ್ ವಿಲಿಯಮ್ಸ್ ಹೊಡೆದ ಚೆಂಡು ಅಲ್ಲಿಗೆ ಹೋಗಿ ಬಿತ್ತು, 502 ಅಡಿ. ಅಲ್ಲಿ ಕೂತಿದ್ದವರ ಹುಲ್ಲು ಟೋಪಿಗೇ ಬಡಿಯಿತು. ಅಪ್ಪ ಆ ಕುರ್ಚಿಯನ್ನು ಹುಡುಕಿ, ಕಂಡುಹಿಡಿದು, ಐದಾರು ಸಲ ನೋಡಿದರು.

ಆಮೇಲೆ ನಾನೇ ಮೈದಾನ ಉಳಿದ ಕಥೆ ತೆಗೆದೆ. 1999ರಲ್ಲಿ ಇದನ್ನು ಬಿಟ್ಟು ಪಕ್ಕದಲ್ಲಿ ಹೊಸದು ಕಟ್ಟುವ ಯೋಜನೆ ಬಂದಿತ್ತು. ಊರಿನ ಜನ ವಿರೋಧ ಮಾಡಿದರು. 2002ರಲ್ಲಿ ತಂಡ ಹೊಸ ಮಾಲೀಕರ ಕೈಗೆ ಹೋಯಿತು, ಅವರು ಇದನ್ನೇ ರಿಪೇರಿ ಮಾಡೋಣ ಅಂದರು. ಗೋಡೆಯ ತಲೆಯ ಮೇಲೆ 2003ರಲ್ಲಿ ಸೀಟು ಹಾಕಿದರು. ನೂರು ತುಂಬಿದ ವರ್ಷ, ದೇಶದ ಚಾರಿತ್ರಿಕ ಸ್ಥಳಗಳ ಪಟ್ಟಿಗೂ ಸೇರಿತು.

ಅಪ್ಪ ತಲೆದೂಗಿದರು. “ನೋಡು, ಎಷ್ಟು ಚೆನ್ನಾಗಿ ಉಳಿಸಿಕೊಂಡಿದ್ದಾರೆ. ಒಂದು ಕಂಬ ಅಲುಗಿಸಿಲ್ಲ.”

ಅಮ್ಮ ಬಾಗಿದ್ದವಳು ನೆಟ್ಟಗಾದಳು. ಈ ಕಡೆ ತಿರುಗಲಿಲ್ಲ. “ನಿಮ್ಮೆದುರು ಕಂಬ ಇಲ್ಲವಲ್ಲ” ಅಂದಳು.

ಅಷ್ಟೇ. ಸಿಟ್ಟು ಇರಲಿಲ್ಲ, ನಗುವೂ ಇರಲಿಲ್ಲ. ಮತ್ತೆ ಎಡಕ್ಕೆ ಬಾಗಿ ಆಟ ನೋಡಿದಳು.

ಅಪ್ಪ ಸುಮ್ಮನಾದರು. ನಾನೂ. ಅವಳು ಹೇಳಿದ್ದು ಬರೀ ಫೆನ್‌ವೇ ಬಗ್ಗೆ ಅಲ್ಲ ಅಂತ ಮೂವರಿಗೂ ಗೊತ್ತಿತ್ತು.

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆ ತೊಟ್ಟಿಮನೆ. ಜಗಲಿಯಲ್ಲಿ ಹಲಸಿನ ಮರದ ನಾಲ್ಕು ಕಂಬ. ಬಂದವರೆಲ್ಲ ಆ ಕಂಬ ತಬ್ಬಿ ಫೋಟೋ ತೆಗೆಸಿಕೊಳ್ಳುತ್ತಾರೆ. ನಾನೂ ಹೋದಾಗಲೆಲ್ಲ ಅದೇ ಜಾಗದಲ್ಲಿ ಕಾಫಿ ಕುಡಿಯುತ್ತೇನೆ. ಕಾಫಿ ಬರುವುದು ಒಳಗಿನಿಂದ. ಒಳಗೆ ಅಡುಗೆಮನೆಗೆ ಇರುವುದು ಅಂಗೈಯಷ್ಟು ಕಿಟಕಿ. ಮಳೆಗಾಲದಲ್ಲಿ ಮಧ್ಯಾಹ್ನ ಹನ್ನೆರಡಕ್ಕೂ ದೀಪ ಹಾಕಬೇಕು. ಕರೆಂಟ್ ಇರುವುದಿಲ್ಲ. ಬಾಗಿಲು ಗಿಡ್ಡ, ಹೊಸ್ತಿಲು ಎತ್ತರ. ತಲೆ ತಗ್ಗಿಸಬೇಕು, ಕಾಲೂ ಎತ್ತಬೇಕು, ಕೈಯಲ್ಲಿ ಬಿಸಿ ಪಾತ್ರೆ ಇರುತ್ತದೆ. ನಲವತ್ತು ವರ್ಷಕ್ಕೂ ಜಾಸ್ತಿ ಅಮ್ಮ ಅದನ್ನೇ ಮಾಡಿದ್ದಾಳೆ. ಅವಳ ಹಣೆಯ ಬಲಗಡೆ ಸಣ್ಣ ಗಾಯದ ಗುರುತಿದೆ. ಆ ಬಾಗಿಲಿನದೇ.

ಹೋದ ವರ್ಷ ಅಡುಗೆಮನೆ ಕಡೆ ಒಡೆದು ಹೊಸದು ಕಟ್ಟುವ ಮಾತು ಬಂತು. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ದೊಡ್ಡ ಚರ್ಚೆ ಆಯಿತು. ಬೆಂಗಳೂರಿನಲ್ಲಿರುವ ಚಿಕ್ಕಪ್ಪ ಅಜ್ಜನ ನೆನಪು, ಮರದ ಕೆತ್ತನೆ ಅಂತ ಪುಟಗಟ್ಟಲೆ ಬರೆದರು. ಒಳ್ಳೆಯ ಮನುಷ್ಯ. ಆದರೆ ಊರಿಗೆ ಬರುವುದು ವರ್ಷಕ್ಕೊಮ್ಮೆ, ದೀಪಾವಳಿಗೆ ಎರಡು ದಿನ. ನಾನು ಇಲ್ಲಿಂದ ಬರೆದೆ: “ದಯವಿಟ್ಟು ಒಂದು ಕಲ್ಲನ್ನೂ ಅಲುಗಿಸಬೇಡಿ.” ಹದಿನಾಲ್ಕು ಜನ ಹೃದಯದ ಗುರುತು ಒತ್ತಿದರು. ಅಮ್ಮ ಏನೂ ಬರೆಯಲಿಲ್ಲ. ಫೋನ್ ಮಾಡಿದಾಗ ಕೇಳಿದ್ದಕ್ಕೆ, “ಇರಲಿ ಬಿಡು, ಅಭ್ಯಾಸ ಆಗಿದೆ” ಅಂದಿದ್ದಳು. ನಾನು ಅದನ್ನು ಒಪ್ಪಿಗೆ ಅಂತ ತಿಳಿದಿದ್ದೆ.

ಬೇಸ್‌ಬಾಲ್‌ನಲ್ಲಿ ಒಂಬತ್ತು ಇನ್ನಿಂಗ್ಸ್. ಆರನೆಯದು ಮುಗಿದಾಗ ಅಮ್ಮನಿಗೆ ಜಾಗ ಬದಲಿಸೋಣ ಅಂದೆ. “ಬೇಡ, ಅಭ್ಯಾಸ ಆಯ್ತು” ಅಂದಳು. ಅದೇ ಮಾತು. ನನಗೆ ಕೇಳಲಾಗಲಿಲ್ಲ. ಕೈ ಹಿಡಿದು ಎಬ್ಬಿಸಿದೆ.

ಆಮೇಲೆ ಕಂಬದ ಹಿಂದೆ ನಾನು ಕೂತೆ. ಚೆಂಡು ಬ್ಯಾಟಿಗೆ ತಾಗಿದ ಸದ್ದು ಟಪ್ ಅಂತ ಕೇಳುತ್ತದೆ, ಏನಾಯಿತು ಅಂತ ಗೊತ್ತಾಗುವುದಿಲ್ಲ. ಸುತ್ತಲಿನವರ ಮುಖ ನೋಡಿ ತಿಳಿದುಕೊಳ್ಳಬೇಕು. ಅವರು ತಲೆ ಎತ್ತಿದರೆ ಚೆಂಡು ಮೇಲೆ ಹೋಗಿದೆ, ಅಯ್ಯೋ ಅಂದರೆ ಯಾರೋ ಹಿಡಿದಿದ್ದಾನೆ. ಕಂಬದ ಬಣ್ಣ ಒಂದು ಕಡೆ ಎದ್ದು ಅದರ ಮೇಲೆ ಮತ್ತೆ ಬಣ್ಣ ಹೊಡೆದಿದ್ದರು. ಎಷ್ಟೋ ಪದರ. ಅಂಚಿನಲ್ಲಿ ಆ ಪದರಗಳು ಒಣಗಿದ ದೋಸೆ ಹಿಟ್ಟಿನ ಹಾಗೆ ಕಾಣುತ್ತಿದ್ದವು. ಮೂರು ಇನ್ನಿಂಗ್ಸ್ ನಾನು ಅದನ್ನೇ ನೋಡಿದೆ. ಇಲ್ಲಿಗೆ ನಾನು ಮೊದಲೂ ನಾಲ್ಕು ಸಲ ಬಂದಿದ್ದೇನೆ, ಆಫೀಸಿನವರ ಜೊತೆ, ಒಳ್ಳೆಯ ಸೀಟಿನಲ್ಲಿ. ಊರಿನವರಿಗೆಲ್ಲ ಫೆನ್‌ವೇ ಬಗ್ಗೆ ಹೊಗಳಿ ಹೇಳಿದ್ದು ಆ ಸೀಟಿನಿಂದ ನೋಡಿದ್ದನ್ನು.

ಕಂಬ ಸುಮ್ನೆ ನಿಂತಿಲ್ಲ, ಅದೂ ಗೊತ್ತು. ತಲೆಯ ಮೇಲಿನ ಛಾವಣಿ ಹೊತ್ತಿರುವುದು ಅದೇ. ಅದನ್ನು ತೆಗೆದರೆ ನೆರಳೂ ಇಲ್ಲ. ಹೊಸ ಸ್ಟೇಡಿಯಮ್‌ಗಳಲ್ಲಿ ಕಂಬ ಅಡ್ಡ ಬರುವುದಿಲ್ಲ, ಆದರೆ ಅಲ್ಲಿ ಮೇಲಿನ ಅಂತಸ್ತನ್ನು ತುಂಬಾ ಹಿಂದಕ್ಕೆ ಸರಿಸಿರುತ್ತಾರೆ, ಆಟಗಾರರು ಇರುವೆ ಹಾಗೆ ಕಾಣುತ್ತಾರೆ. ಇಲ್ಲಿ ಆಟಗಾರನ ಮುಖ ಕಾಣುವಷ್ಟು ಹತ್ತಿರ ಕೂರಬಹುದು ಅಂದರೆ ಅದಕ್ಕೂ ಈ ಕಂಬಗಳೇ ಕಾರಣ. ಆದ್ದರಿಂದ ಫೆನ್‌ವೇ ಕೆಡವಿ ಅಂತ ನಾನು ಹೇಳುವುದಿಲ್ಲ. ನನಗೆ ಈಗಲೂ ಆ ಜಾಗ ಇಷ್ಟ. ಆದರೆ ಕಂಬದ ಹಿಂದೆ ಕೂತವರನ್ನು ಕೇಳದೆ, ಹಳೆಯದನ್ನು ಹಾಗೇ ಇಡಿ ಅನ್ನುವ ಹಕ್ಕು ನನಗೆ ಎಲ್ಲಿಂದ ಬಂತು?

ಎಂಟನೇ ಇನ್ನಿಂಗ್ಸ್ ನಡುವೆ ಅಲ್ಲಿ ಎಲ್ಲರೂ ಸೇರಿ ಒಂದು ಹಾಡು ಹೇಳುವ ಪದ್ಧತಿ ಇದೆ. ಮೂವತ್ತು ಸಾವಿರಕ್ಕೂ ಜಾಸ್ತಿ ಜನ ಎದ್ದು ಹಾಡುತ್ತಾರೆ. ಅಮ್ಮನಿಗೆ ಪದ ಗೊತ್ತಿಲ್ಲ. ಆದರೂ ಚಪ್ಪಾಳೆ ತಟ್ಟಿದಳು, ಭಜನೆಗೆ ತಟ್ಟಿದ ಹಾಗೆ, ತಾಳ ತಪ್ಪದೆ. ಅವತ್ತು ಅವಳು ನೆಟ್ಟಗೆ ಕೂತು ಆಟ ನೋಡಿದ್ದು ಆ ಕೊನೆಯ ಸ್ವಲ್ಪ ಹೊತ್ತು ಮಾತ್ರ.

ಮಂಗಳವಾರ ರಾತ್ರಿ ಊಟ ಆದ ಮೇಲೆ ಅಮ್ಮನ ಮುಂದೆ ಒಂದು ಹಾಳೆ, ಪೆನ್ಸಿಲ್ ಇಟ್ಟೆ. ನಿನಗೆ ಬೇಕಾದ ಅಡುಗೆಮನೆ ಬರಿ ಅಂದೆ. ಅಪ್ಪ ಪಕ್ಕದಲ್ಲೇ ಇದ್ದರು. ಅವಳು ಬಹಳ ಹೊತ್ತು ಹಾಳೆಯನ್ನು ಸವರುತ್ತಾ ಕೂತಳು. ಆಮೇಲೆ ಒಂದು ಚೌಕ ಎಳೆದಳು. ಹೊಸ್ತಿಲು ಇರುವ ಕಡೆ ಗೀಟನ್ನು ಒರೆಸಿ ಹಾಕಿದಳು.

“ಜಗಲಿ ಕಂಬ?” ಅಪ್ಪ ಮೆಲ್ಲಗೆ ಕೇಳಿದರು.

“ಅದಕ್ಕೆ ಯಾರೂ ಕೈ ಹಚ್ಚೋದು ಬೇಡ. ಅದು ಯಾರಿಗೂ ಅಡ್ಡ ಇಲ್ಲ.”

ಪೂರ್ವದ ಗೋಡೆಗೆ ಒಂದು ಕಿಟಕಿ ಬರೆದಳು. ಮೂರು ಅಡಿ ಸಾಕಾ ಅಂತ ಕೇಳಿದೆ.

“ನಾಲ್ಕು” ಅಂದಳು.